ತಾಯಣ್ಣ ಮಾಸ್ತರರ ಕಣ್ಣು, ಆದೆಪ್ಪನ ಬಣವೆ

“ನೋಡವ್ವಾ ಸುಮಿ, ಮೋನೆ ಅಂತ ಒಬ್ಬಾತ ಇದ್ದ. ಫ್ರಾನ್ಸ್ ದೇಶದಾತ. ಹುಲ್ಲಿನ ಬಣವಿ ಬರದು ಹೆಸರು ಮಾಡಿದಾತ. ನಗಬ್ಯಾಡ, ಬಣವಿ ಅಂದ್ರ ಬಣವೀನ, ನಮ್ಮ ಆದೆಪ್ಪನ ಕಣದಾಗ ನಿಲ್ತದಲ್ಲ, ಅಂಥಾದ್ದು. ಮುಂಜಾನಿ ಬೆಳಕಿನಾಗ ಒಂದು ಚಿತ್ರ ಹಿಡೀತಿದ್ದ. ಬಿಸಲು ಏರಿತು ಅಂದ್ರ ಅದನ್ನ ತಗದಿಟ್ಟು ಇನ್ನೊಂದು. ಸಂಜಿ ಆತು ಅಂದ್ರ ಮತ್ತೊಂದು. ಬಣವಿ ಕುಂತಲ್ಲೇ ಕುಂತಿರ್ತದ, ಬೆಳಕು ಮಾತ್ರ ಅದರ ಮೈಮ್ಯಾಲ ತಿರಗಾಡ್ತದ. ಅದನ್ನ ಹಿಡದಾತ ಆತ. ಇಂಥಾ ಕಣ್ಣಿದ್ದಾತಗ ಮುಪ್ಪಿನಾಗ ಪೊರಿ ಬಂತು. ಕೊಯ್ಸಿಕೋ ಅಂದ್ರು. ಬ್ಯಾಡ ಅಂದ. ವರ್ಷಗಟ್ಟಲೆ ಬ್ಯಾಡ ಅಂದ. ಅವನ ಗೆಳೆಯ ಒಬ್ಬಾತ, ಆ ದೇಶದ ಪ್ರಧಾನಿ ಆಗಿದ್ದಾತ, ಬೆನ್ನು ಬಿದ್ದು ಒಪ್ಪಿಸಿದ. ಕೊಯ್ಸಿಕೊಂಡ. ಏನು ಸುಖಾ ಆತು? ತಲಿ ಅಲುಗಾಡಬಾರದಂತ ಆಕಡಿ ಈಕಡಿ ಉಸುಕಿನ ಚೀಲ ಇಟ್ಟು, ಕತ್ತಲದಾಗ ಅಂಗಾತ ಮಲಗಿಸಿದ್ರಂತ. ಎದ್ದು ನೋಡ್ತಾನ, ಜಗತ್ತೆಲ್ಲ ನೀಲಿ! ಡಾಕ್ಟರಗ ಬೈದು ಕಾಗದ ಬರದ. ಪೊರಿ ಇದ್ದಾಗ ತಾನ ಬರದಿದ್ದ ಚಿತ್ರ ನೋಡಿ ಸಿಟ್ಟು ಬಂದು ಒಂದಿಷ್ಟು ಹಾಳು ಮಾಡಿಬಿಟ್ಟ. ಆ ಗತಿ ನನಗ ಬ್ಯಾಡವ್ವಾ. ನನಗ ಈಗ ಕಾಣೂ ಬಣ್ಣ ಸಾಕು. ಬ್ಯಾರೆ ಬಣ್ಣ ಕಂಡ್ರ ನನ್ನ ಚಿತ್ರ ನಾನಽ ಹರಿಯೂ ದಿನ ಬರ್ತದ. ನಿಮ್ಮ ದವಾಖಾನಿ ರಾಯಚೂರಾಗ ಇರಲಿ, ನಾ ಮಾನ್ವಿಯಾಗ ಇರ್ತೀನಿ.”

ನಿವೃತ್ತ ಡ್ರಾಯಿಂಗ್ ಮಾಸ್ತರ ತಾಯಣ್ಣನವರು ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದು ಒಂದು ಭಾನುವಾರ, ಮಾನ್ವಿಯ ತಮ್ಮ ಮನೆಯ ಪಡಸಾಲೆಯಲ್ಲಿ. ಕೇಳುತ್ತಿದ್ದವರು ಇಬ್ಬರು. ಒಬ್ಬಳು ಮಗಳು ಸುಮಂಗಲಾ. ರಾಯಚೂರಿನಲ್ಲಿ ಹೈಸ್ಕೂಲ್ ಟೀಚರ್. ಅಪ್ಪನನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗಲು ಬೆಳಗಿನ ಬಸ್ಸಿಗೇ ಬಂದಿಳಿದಿದ್ದಳು. ಇನ್ನೊಬ್ಬಳು ಹೆಂಡತಿ ಶೇಖಮ್ಮ. ಹೊಸ್ತಿಲ ಬಳಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ಆಮ್ಯಾಲ ಏನಾತ್ರೀ ಆ ಮುದುಕಂದು?” ಎಂದು ಶೇಖಮ್ಮ ಸೊಪ್ಪಿನಿಂದ ಮುಖ ಎತ್ತದೆ ಕೇಳಿದಳು.

“ಏನಾಗ್ತದ? ಸತ್ತ.”

“ಎಲ್ಲಾರೂ ಸಾಯ್ತಾರ ಯಪ್ಪಾ,” ಎಂದಳು ಸುಮಂಗಲಾ. “ಕೊಯ್ಸಿಕೊಂಡವರೂ ಸಾಯ್ತಾರ, ಕೊಯ್ಸಿಕೊಳ್ಳದವರೂ ಸಾಯ್ತಾರ. ಡಾಕ್ಟರು ಏನಂದಾರ ಅದನ್ನ ಕೇಳು. ಪೊರಿ ಬಲತು ಗಟ್ಟಿ ಆಗಾಕತ್ತದ. ಇನ್ನ ತಡಾ ಮಾಡಿದ್ರ ಇದ್ದ ನೋಟಾನೂ ಹೋಗ್ತದ ಅಂದಾರ.”

“ನಿಮ್ಮ ಡಾಕ್ಟರು ಚಿತ್ರ ಬರೀತಾರೇನು?”

“ಇಲ್ಲ.”

“ಮತ್ತ ಅವರಿಗೇನು ಗೊತ್ತು?”

ಸುಮಂಗಲಾ ತಾಯಿಯ ಕಡೆ ನೋಡಿದಳು. ಶೇಖಮ್ಮ ಸೊಪ್ಪು ಸೋಸುತ್ತಲೇ ಇದ್ದಳು. ಮಾಸ್ತರರು ಆ ಮೋನೆಯ ಕಥೆಯ ಬಾಲ ಕತ್ತರಿಸಿ ಹೇಳಿದ್ದು ಅವಳಿಗೆ ಗೊತ್ತಿತ್ತು. ಅವರ ಕಣ್ಣು ನೆಟ್ಟಗಿದ್ದ ಕಾಲದಲ್ಲಿ ಇಡೀ ಕಥೆಯನ್ನು ಅವರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದಳು. ಆದರೆ ಗಂಡ ಹಟ ಹಿಡಿದು ಕೂತಾಗ ಎದುರು ಮಾತಾಡಿದರೆ ಹಟಕ್ಕೆ ಇನ್ನೊಂದು ಗಂಟು ಬೀಳುತ್ತದೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಸುಮಂಗಲಾ ಆ ಸಲವೂ ಒಬ್ಬಳೇ ಬಸ್ ಹತ್ತಿದಳು.

ತಾಯಣ್ಣನವರು ದೇವದುರ್ಗ ತಾಲೂಕಿನ ಗಬ್ಬೂರಿನವರು. ತಂದೆ ತಾಯಿ ಕಂಡವರ ಹೊಲದಲ್ಲಿ ದುಡಿದವರು. ಹುಡುಗ ತಾಯಣ್ಣನಿಗೆ ಮೊದಲು ಸಿಕ್ಕ ಕೆಲಸ ಕಾರಹುಣ್ಣಿಮೆಗೆ ಊರ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವುದು. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡಿದ್ದ. ಎತ್ತು ತಲೆ ಕೊಡವಿದರೂ ಗೆರೆ ತಪ್ಪುತ್ತಿರಲಿಲ್ಲವಂತೆ. ಓದುತ್ತಾ ಓದುತ್ತಾ ಕಲಬುರಗಿಗೆ ಹೋಗಿ ಡ್ರಾಯಿಂಗ್ ಮಾಸ್ತರಿಕೆ ಕಲಿತರು. ಮೊದಲು ದೇವದುರ್ಗದಲ್ಲಿ, ಆಮೇಲೆ ಮಾನ್ವಿಯಲ್ಲಿ ಸರಕಾರಿ ಶಾಲೆಯ ನೌಕರಿ. ಹೂಜಿ, ಬಾಳೆಹಣ್ಣು, ಸೂರ್ಯೋದಯ, ಇಷ್ಟನ್ನು ಮಕ್ಕಳಿಗೆ ಕಲಿಸಬೇಕಾಗಿತ್ತು. ಕಲಿಸಿದರು.

ದೂರದ ದೇಶದ ಚಿತ್ರಕಾರರು ಅವರ ಬದುಕಿನೊಳಗೆ ಬಂದದ್ದು ರಾಯಚೂರಿನ ತೀನ್ ಕಂದೀಲಿನ ಹತ್ತಿರದ ಒಂದು ರದ್ದಿ ಅಂಗಡಿಯಿಂದ. ಅಲ್ಲಿ ಹಳೇ ಕ್ಯಾಲೆಂಡರ್ ಒಂದು ಸಿಕ್ಕಿತು. ತಿಂಗಳಿಗೊಂದು ಬಣ್ಣದ ಚಿತ್ರ. ಮಾಸ್ತರರು ತಾರೀಖುಗಳನ್ನೆಲ್ಲ ಕತ್ತರಿಸಿ ಬಿಸಾಕಿ ಚಿತ್ರಗಳನ್ನು ಟ್ರಂಕಿನಲ್ಲಿಟ್ಟರು. ಆಮೇಲೆ ಎಲ್ಲೆಲ್ಲಿಂದಲೋ ಪುಸ್ತಕ ತರಿಸಿ ಆ ಚಿತ್ರ ಬರೆದವರ ಹುಟ್ಟು, ಸಾವು, ಬಡತನ, ಹುಚ್ಚು ಎಲ್ಲ ಓದಿ ತಿಳಿದುಕೊಂಡರು.

ಶೇಖಮ್ಮ ನೀರಮಾನ್ವಿಯ ಹುಡುಗಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಭತ್ತದ ನಾಟಿಗೆ ಹೋದವಳು. ಮದುವೆಯಾದ ಹೊಸತರಲ್ಲಿ ಗಂಡ ಅವಳನ್ನು ಸಿನಿಮಾಕ್ಕೆ ಕರೆದೊಯ್ಯಲಿಲ್ಲ. ಟ್ರಂಕು ತೆಗೆದು ಒಂದು ಚಿತ್ರ ಕೈಗಿಟ್ಟರು. ತೂಗುಬಿಟ್ಟ ದೀಪದ ಕೆಳಗೆ ಕೂತು ಆಲೂಗಡ್ಡೆ ತಿನ್ನುತ್ತಿರುವ ಜನ. ಬರೆದವನು ವ್ಯಾನ್ ಗೋ.

“ಇವರು ಯಾರ ಮನ್ಯಾಗ ದುಡದು ಬಂದಾರ?” ಎಂದು ಕೇಳಿದಳು ಹೊಸ ಮದುವಣಗಿತ್ತಿ.

“ತಮ್ಮ ಹೊಲದಾಗ, ತಮ್ಮ ಕೈಲೆ.”

“ಹಂಗಾರ ಚಲೋ ಅದಾರ ಬಿಡ್ರಿ. ಪಲ್ಯ ಮಾತ್ರ ಕಾಣವಲ್ದು.”

ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ಆವತ್ತಿನಿಂದ ಅವರಿಗೆ ಹೇಳುವುದಕ್ಕೆ ಒಬ್ಬರು ಸಿಕ್ಕರು, ಅವಳಿಗೆ ಕೇಳುವುದಕ್ಕೆ ಕಥೆ ಸಿಕ್ಕಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಹೆಸರುಗಳು ನಾಲಿಗೆಗೆ ಹೊರಳದಿದ್ದರೆ ತಾನೇ ಹೆಸರಿಟ್ಟಳು. ವ್ಯಾನ್ ಗೋ ಅವಳಿಗೆ ‘ಕಿವಿ ಕೊಯ್ಕೊಂಡ ತಮ್ಮ’. ಅವನ ಸುದ್ದಿ ಬಂದಾಗಲೆಲ್ಲ, “ಅವನ ಅವ್ವ ಹತ್ರ ಇರಬೇಕಿತ್ತು,” ಎಂದು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಸೇಬು ಬರೆದ ಸೆಜಾನ್ ‘ಸೇಬಿನ ಮಾವ’. ಮುಪ್ಪಿನಲ್ಲಿ ಎದ್ದು ನಿಂತು ಬರೆಯಲಾರದೆ ಬಣ್ಣದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಮಾತೀಸ್ ‘ಕತ್ತರಿ ಅಜ್ಜ’. ಸೇಬಿನ ಮಾವನ ಮೇಲೆ ಮಾತ್ರ ಅವಳಿಗೆ ಸಿಟ್ಟಿತ್ತು. ಅವನನ್ನು ನೋಡಿ ಮಾಸ್ತರರು ಒಮ್ಮೆ ಸಂತೆಯ ಬದನೆಕಾಯಿಗಳನ್ನು ತಾಟಿನಲ್ಲಿ ಜೋಡಿಸಿಟ್ಟು, ಬರೆದು ಮುಗಿಯುವತನಕ ಮುಟ್ಟಬೇಡ ಎಂದಿದ್ದರು. ಬದನೆಕಾಯಿ ಬಾಡಿ ಸುಕ್ಕಾದವು. ಚಿತ್ರ ಮುಗಿಯಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಬೇಳೆ ಸಾರು.

ಆದೆಪ್ಪನ ಬಣವೆಯ ಕಥೆಯೂ ಹೀಗೇ. ಆದೆಪ್ಪ ಊರ ಹೊರಗೆ ಕಾಲುವೆ ಪಕ್ಕದ ಗದ್ದೆಯವನು. ಭತ್ತ ಒಕ್ಕಣೆಯಾದ ಮೇಲೆ ಅವನ ಕಣದಲ್ಲಿ ಹುಲ್ಲಿನ ದೊಡ್ಡ ಬಣವೆ ಏಳುತ್ತಿತ್ತು. ಮಾಸ್ತರರು ಮೋನೆಯ ಹಾಗೆ ಬೆಳಗಿನದೊಂದು, ಮಧ್ಯಾಹ್ನದ್ದೊಂದು, ಸಂಜೆಯದೊಂದು ಚಿತ್ರ ಹೂಡಿ ಕೂರುತ್ತಿದ್ದರು. ಮರುದಿನ ಹೋದರೆ ಬಣವೆಯ ಒಂದು ಮಗ್ಗುಲು ಕುಸಿದಿರುತ್ತಿತ್ತು.

“ಆದೆಪ್ಪಾ, ನಿನ್ನೆ ಇಲ್ಲಿ ದುಂಡಗಿತ್ತಲ್ಲೋ!”

“ಎಮ್ಮಿ ತಿಂತುರೀ ಮಾಸ್ತರ. ನಿಮ್ಮ ಫ್ರಾನ್ಸಿನಾತಗ ಎಮ್ಮಿ ಇದ್ದಿದ್ದಿಲ್ಲೇನು?”

ಕಡೆಗೆ ಇಬ್ಬರಲ್ಲೂ ಒಂದು ಒಪ್ಪಂದವಾಯಿತು. ಚಿತ್ರ ಮುಗಿಯುವತನಕ ಆದೆಪ್ಪ ಹಿಂದಿನ ಮಗ್ಗುಲಿನಿಂದಲೇ ಹುಲ್ಲು ಹಿರಿಯಬೇಕು. ಮುಗಿದ ಚಿತ್ರವನ್ನು ಮಾಸ್ತರರು ಎಲ್ಲರಿಗಿಂತ ಮೊದಲು ಆದೆಪ್ಪನಿಗೆ ತೋರಿಸಬೇಕು. ವರ್ಷವರ್ಷವೂ ಬಣವೆ ಏಳುತ್ತಿತ್ತು, ವರ್ಷವರ್ಷವೂ ಚಿತ್ರ ಆದೆಪ್ಪನ ಮುಂದೆ ಹೋಗುತ್ತಿತ್ತು. ಆದೆಪ್ಪ ಕೈ ತೊಳೆದುಕೊಂಡು ಬಂದು, ಚಿತ್ರ ಹಿಡಿದು ನೋಡಿ, “ಮ್ಯಾಲ ಹೊದಿಕಿ ಸ್ವಲ್ಪ ಸಡಲ ಕಾಣ್ತದ, ಮಳಿ ಬಂದ್ರ ಒಳಗ ಇಳೀತದ,” ಎನ್ನುತ್ತಿದ್ದ. ಮಾಸ್ತರರು ತಮ್ಮ ಚಿತ್ರ ಚೆನ್ನಾಗಿದೆ ಎಂದು ಅದರಿಂದ ತಿಳಿದುಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಕಣ್ಣು ಮಂಜಾಗುತ್ತಾ ಬಂತು. ಮೊದಲು ಬಣ್ಣದ ಬಾಟಲಿಯ ಮೇಲಿನ ಅಕ್ಷರ ಹೋದವು. ಶೇಖಮ್ಮ ತನ್ನ ಒಗ್ಗರಣೆ ಡಬ್ಬಿ ಖಾಲಿ ಮಾಡಿ ತೊಳೆದು, ಅದರ ಬಟ್ಟಲುಗಳಲ್ಲಿ ಬಣ್ಣ ತುಂಬಿ ಕೊಟ್ಟಳು. ಅರಿಶಿನದ ಜಾಗದಲ್ಲಿ ಹಳದಿ, ಖಾರದ ಜಾಗದಲ್ಲಿ ಕೆಂಪು, ಕೊತ್ತಂಬರಿ ಪುಡಿಯ ಜಾಗದಲ್ಲಿ ಹಸಿರು, ಉಪ್ಪಿನ ಜಾಗದಲ್ಲಿ ಬಿಳಿ. ಮಾಸ್ತರರಿಗೆ ಭಾರೀ ಖುಷಿ. ಕಣ್ಣು ಮುಚ್ಚಿದರೂ ಕುಂಚ ಬೇಕಾದ ಬಟ್ಟಲಿಗೆ ಹೋಗುತ್ತಿತ್ತು.

ಆದರೆ ಬಟ್ಟಲು ಸಿಕ್ಕರೆ ಸಾಕೆ? ತಟ್ಟೆಯಲ್ಲಿ ಬಣ್ಣ ಕಲಸುವಾಗ ಎಷ್ಟು ಸಾಕು ಎಂದು ಹೇಳಬೇಕಾದದ್ದು ಕಣ್ಣು. ಮಾಸ್ತರರ ಕಣ್ಣಿಗೆ ಹಳದಿ ಕಾಣದೆ ಬಿಳಿಯಲ್ಲಿ ಕರಗಿಹೋಗುತ್ತಿತ್ತು. ಕಾಣಲಿ ಎಂದು ಕೆಂಪು ಹಾಕುವರು. ಇನ್ನೂ ಕಾಣದು. ಇನ್ನೂ ಕೆಂಪು. ಪಕ್ಕದಲ್ಲಿ ಕೂತ ಶೇಖಮ್ಮ, ಅವರು ಕುಂಚ ಅದ್ದಲು ನೀರಿನ ಲೋಟ ತಡಕುವ ಹೊತ್ತಿನಲ್ಲಿ, ಹಿಟ್ಟು ನೋಡುವವಳ ಹಾಗೆ ಬೆರಳಿನಿಂದಲೇ ಇಷ್ಟು ಹಳದಿ, ಇಷ್ಟು ಬಿಳಿ ಕಲಸಿಬಿಡುತ್ತಿದ್ದಳು. ಪೈರಿನ ಜಾಗಕ್ಕೆ ಅವರು ಕಂದು ಕಲಸಿಕೊಂಡರೆ ಇವಳು ಹಸಿರು ಸೇರಿಸುತ್ತಿದ್ದಳು. ಚಿತ್ರ ನೋಡಿದವರು, “ಮಾಸ್ತರ ಕೈ ಇನ್ನೂ ಪಳಗೇದ,” ಎನ್ನುತ್ತಿದ್ದರು. ಮಾಸ್ತರರ ಮುಖ ಅರಳುತ್ತಿತ್ತು. ಆ ಮುಖ ನೋಡಿ ಶೇಖಮ್ಮ ಬೆರಳು ಒರೆಸಿಕೊಳ್ಳುತ್ತಿದ್ದಳು.

ಪಕ್ಕದ ಮನೆಯ ಸುಗ್ರಾ ಬೇಗಂ ಇದನ್ನು ಕಿಟಕಿಯಿಂದ ಕಂಡಳು. ಅವಳಿಗೆ ಹಿಂದಿನ ವರ್ಷವೇ ಪೊರೆ ತೆಗೆಸಿಯಾಗಿತ್ತು. ಅಂದಿನಿಂದ ಓಣಿಯಲ್ಲಿ ಯಾರ ಮನೆಯ ಮೂಲೆಯಲ್ಲಿ ಜೇಡರ ಬಲೆ ಇದ್ದರೂ ಅವಳ ಕಣ್ಣಿಗೆ ಬೀಳದೆ ಉಳಿಯುತ್ತಿರಲಿಲ್ಲ.

“ಶೇಖಮ್ಮಕ್ಕಾ, ಸಿಟ್ಟಾಗಬ್ಯಾಡ್ರಿ, ಒಂದು ಮಾತು,” ಎಂದಳು ನಳದ ಹತ್ತಿರ. “ಮಾಸ್ತರ್ ಸಾಬ್ ದವಾಖಾನಿಗಿ ಬ್ಯಾಡ ಅಂತಾರ ಅಂತ ಅವರಿಗಿ ಬೈತೀರಿ. ಅವರು ಯಾಕ ಹೋಗ್ತಾರ? ಅವರ ಹಿಸಾಬಿನಾಗ ಅವರ ಕಣ್ಣು ಖಾಸಾ ಅದ. ಕುರುಡು ಆಗೇದಂತ ಗೊತ್ತಾಗಾಕ ನೀವ ಬಿಡವಲ್ರಿ.”

ಶೇಖಮ್ಮ ಕೊಡ ಕೆಳಗಿಟ್ಟಳು. “ಹಂಗಂದ್ರ ಅವರು ತಪ್ಪು ಬರೀತಿದ್ರ ನೋಡ್ಕೋತ ಕುಂದ್ರಬೇಕೇನು?”

“ಕುಂದ್ರಬೇಕು ಮತ್ತ. ನನ್ನ ಸೊಸಿ ನನಗ ಚಾದಾಗಿನ ಇರಿವಿ ತೋರಿಸಿ ನಗಲಿಲ್ಲಾಂದ್ರ, ನಾ ಇನ್ನೂ ಇರಿವಿ ಕುಡಕೋತ ಇರ್ತಿದ್ದೆ.”

ಆ ಮಾತು ಶೇಖಮ್ಮನಿಗೆ ನಾಟಿತು. ಮಾಸ್ತರರಿಗೆ ಕಣ್ಣೇ ಜೀವ. ಅದು ಪೂರಾ ಹೋದ ಮೇಲೆ ತನ್ನ ಬೆರಳು ಏನು ಮಾಡೀತು?

ಆ ವರ್ಷ ಬಣವೆ ಎದ್ದಾಗ ಮಾಸ್ತರರು ಹಾಳೆ ಹಿಡಿದು ಕಣಕ್ಕೆ ಹೋದರು. ಡಬ್ಬಿ ಹೊತ್ತು ಶೇಖಮ್ಮನೂ ಹೋದಳು. ಬೆಳಗಿನ ಬಿಸಿಲಿನಲ್ಲಿ ಬಣವೆ ಹೊಸ ಬೆಲ್ಲದ ಹಾಗೆ ಹೊಳೆಯುತ್ತಿತ್ತು. ಮಾಸ್ತರರು ಹಳದಿ ತೆಗೆದುಕೊಂಡರು. ಕೆಂಪು ಹಾಕಿದರು. ಮತ್ತೆ ಹಾಕಿದರು. ಶೇಖಮ್ಮ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಹಾಳೆಯ ಮೇಲೆ ಕೆಂಪು ಏರಿತು. ಆಕಾಶ ಹೊಗೆಯ ಬಣ್ಣಕ್ಕೆ ತಿರುಗಿತು. ಗದ್ದೆ ಸುಟ್ಟ ನೆಲವಾಯಿತು. ಮಾಸ್ತರರು ಕುತ್ತಿಗೆ ಓರೆ ಮಾಡಿ, “ಈ ಸರೆ ಬೆಳಕು ಚಲೋ ಸಿಕ್ಕದ ನೋಡು,” ಎಂದಾಗ ಅವಳು ಕೈಗಳನ್ನು ಇನ್ನಷ್ಟು ಒತ್ತಿಕೊಂಡಳು.

“ಹೂಂನ್ರೀ,” ಎಂದಳು.

ಆದೆಪ್ಪ ಕೈ ತೊಳೆದುಕೊಂಡು ಬಂದ. ಹಾಳೆ ಹಿಡಿದ. ಅವನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

“ಯಪ್ಪಾ! ಇದೇನ್ರೀ ಮಾಸ್ತರ, ನನ್ನ ಬಣವಿಗಿ ಬೆಂಕಿ ಹಚ್ಚೀರಲ್ಲರೀ!”

ಮಾಸ್ತರರು ಏನೋ ಹೇಳುವಷ್ಟರಲ್ಲಿ ಆದೆಪ್ಪ ಹಾಳೆಯನ್ನು ನೆಲದ ಮೇಲಿಟ್ಟು, ಓಡಿ ಹೋಗಿ ತಂಬಿಗೆಯಲ್ಲಿ ಕಾಲುವೆಯ ನೀರು ತಂದು, ಕೈ ಅದ್ದಿ ಅದ್ದಿ ಚಿತ್ರದ ಮೇಲೆ ಚಿಮುಕಿಸಿದ. ಕೆಂಪು ಬಣ್ಣ ಕರಗಿ ಇಳಿಯತೊಡಗಿತು.

“ಏ ಏ ಆದೆಪ್ಪಾ, ಏನು ಮಾಡಾಕತ್ತೀ!”

“ಆರಸಾಕತ್ತೀನ್ರೀ! ಹ್ವಾದ ವರ್ಷ ಗಬ್ಬೂರಾಗ ನಮ್ಮಕ್ಕನ ಬಣವಿ ಹಿಂಗಽ ಹೋತು. ದನಕ್ಕ ಒಂದು ಹಿಡಿ ಉಳೀಲಿಲ್ಲ. ಉರಿಯೂ ಬಣವಿ ಚಿತ್ರದಾಗಾದ್ರೂ ಕಣದಾಗ ತರಬಾರದ್ರೀ ಮಾಸ್ತರ. ನಾ ನಿಮಗ ಏನು ಮಾಡೀನ್ರೀ? ಹಿಂದಿನ ಮಗ್ಗಲಲೇ ಹಿರದೀನಲ್ಲ!”

ಮಾಸ್ತರರು ನೆಲದ ಕಡೆ ಬಾಗಿದರು, ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು, ಬಿಸಿಲಿಗೆ ಹಿಡಿದರು. ಏನೂ ಗೊತ್ತಾಗಲಿಲ್ಲ. ಮನೆಯ ದಾರಿಯಲ್ಲಿ ಅರ್ಧ ಬಂದ ಮೇಲೆ ಕೇಳಿದರು:

“ಖರೇನ ಕೆಂಪಿತ್ತೇನು?”

“ಖರೇನರೀ.”

“ಹ್ವಾದ ವರ್ಷ ಯಾಕ ಹಂಗಾಗಿದ್ದಿಲ್ಲ?”

ಶೇಖಮ್ಮ ರಸ್ತೆಯ ಮಗ್ಗುಲಿಗೆ ನಿಂತು ಹೇಳಿದಳು. ಬೆರಳು, ತಟ್ಟೆ, ನೀರಿನ ಲೋಟ, ಸುಗ್ರಾ ಬೇಗಂ ಹೇಳಿದ ಚಹಾದ ಇರುವೆಯ ಮಾತು, ಎಲ್ಲ. ಮಾಸ್ತರರು ಕೇಳಿದರು. ಆಮೇಲೆ ಅವಳಿಗಿಂತ ಮುಂದೆ ಮುಂದೆ ನಡೆದರು. ದಾರಿಯ ಕಲ್ಲಿಗೆ ಎಡವಿದರು. ಅವಳು ಕೈ ಕೊಡಲು ಹೋದರೆ ಕೊಡವಿಕೊಂಡರು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ, “ನೀನ ಉಣ್ಣು. ನನ್ನ ಬದಲಿ ನೀನ ಬರೀತಿ, ನೀನ ಉಣ್ಣು,” ಎಂದರು. ಶೇಖಮ್ಮನೂ ಉಣ್ಣಲಿಲ್ಲ. ತಾಟು ಮುಚ್ಚಿಟ್ಟಳು.

ಮರುದಿನ ಬೆಳಿಗ್ಗೆ ಚಹಾ ಕೊಟ್ಟಾಗ ಮಾಸ್ತರರು ಲೋಟವನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು.

“ಇದರಾಗ ಇರಿವಿ ಅದಾವೇನು?”

“ಇಲ್ರೀ.”

“ಇದ್ರ ಹೇಳ್ತಿದ್ದೇನು?”

“ಇನ್ನ ಮ್ಯಾಲ ಹೇಳ್ತೀನ್ರೀ.”

ಚಹಾ ಕುಡಿದು ಲೋಟ ಕೆಳಗಿಟ್ಟರು. “ಸುಮಿಗಿ ಫೋನ್ ಹಚ್ಚು,” ಎಂದರು.

ರಾಯಚೂರಿನ ದವಾಖಾನೆಯ ಬೆಂಚಿನ ಮೇಲೆ ಹಸಿರು ಟೊಪ್ಪಿಗೆ ಹಾಕಿಸಿಕೊಂಡು ಕೂತ ಮಾಸ್ತರರು ಸಣ್ಣ ಹುಡುಗನ ಹಾಗೆ ಕಾಣುತ್ತಿದ್ದರು. ಕಣ್ಣಿಗೆ ಹನಿ ಹಾಕಲು ಬಂದ ನರ್ಸಮ್ಮನನ್ನು, “ಉಸುಕಿನ ಚೀಲ ಎಲ್ಲಿಟ್ಟೀರವ್ವಾ?” ಎಂದು ಕೇಳಿದರು.

“ಉಸುಕಾ? ಏನು ಮನಿ ಕಟ್ಟಸ್ತೀರೇನಜ್ಜಾ ಇಲ್ಲಿ?” ಎಂದು ಅವಳು ನಕ್ಕು ಮುಂದಿನವರ ಕಡೆ ಹೋದಳು. ಸುಮಂಗಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಸ್ತರರು ನಗಲಿಲ್ಲ. ಹೆಂಡತಿಯ ಕೈ ಹುಡುಕಿ ಹಿಡಿದರು. ಜನರ ಎದುರಿಗೆ ಹಾಗೆ ಹಿಡಿದದ್ದು ಅದೇ ಮೊದಲು.

“ಶೇಖಿ,” ಎಂದರು ಮೆತ್ತಗೆ, “ಆ ಮುದುಕ ಆಮ್ಯಾಲ ಏನು ಮಾಡಿದ? ಹೇಳು.”

“ನಿಮಗ ಗೊತ್ತದಲ್ರೀ.”

“ಗೊತ್ತದ. ನೀ ಹೇಳು.”

ಶೇಖಮ್ಮ ಹಿಂದೆ ಒಲೆಯ ಮುಂದೆ ಕೇಳಿದ್ದನ್ನು ಹೇಳಿದಳು. “ಆಮ್ಯಾಲ ಅವಗ ಬಣ್ಣದ ಗಾಜಿನ ಚಷ್ಮಾ ಮಾಡಿಸಿ ಕೊಟ್ರಂತ. ಮದಲು ಒಲ್ಲೆ ಅಂದ. ಬೈದ. ಹಾಕ್ಕೊಂಡ. ಬರಬರ್ತಾ ನೀಲಿ ಕಡಿಮಿ ಆತು. ತ್ವಾಟದಾಗ ತಾನ ಕಟ್ಟಿಸಿದ ಹೊಂಡ ಇತ್ತಲ್ರೀ, ತಾವರಿ ಬಿಟ್ಟದ್ದು, ಅದರ ಚಿತ್ರ ಇಷ್ಟಿಷ್ಟು ದೊಡ್ಡು, ಗ್ವಾಡಿ ಗ್ವಾಡಿ ತುಂಬೂವಂಗ, ಮತ್ತ ಬರೀಲಿಕ್ಕ ಕುಂತ. ಸಾಯೂತನಕ ಬರದ.”

“ಸಾಯೂತನಕ,” ಎಂದರು ಮಾಸ್ತರರು. ಒಳಗಿನಿಂದ ಅವರ ಹೆಸರು ಕೂಗಿದರು. ಎದ್ದು ಹೋದರು.

ಹೋದಷ್ಟೇ ಬೇಗ ಹೊರಗೆ ಬಂದರು. ಒಂದು ಕಣ್ಣಿಗೆ ಪಟ್ಟಿ. “ಮುಗೀತೇನು? ಇಷ್ಟಕ್ಕ ಪ್ರಧಾನಿ ಯಾಕ ಬರಬೇಕಾತು ಆತಗ?” ಎಂದರು.

ಮರುದಿನ ಪಟ್ಟಿ ಬಿಚ್ಚಿದರು. ಮಾನ್ವಿಗೆ ಬರುವ ಬಸ್ಸಿನಲ್ಲಿ ಮಾಸ್ತರರು ಕರಿ ಚಷ್ಮಾದ ಹಿಂದಿನಿಂದ ಒಂದು ಕಣ್ಣು ಮುಚ್ಚುವುದು, ಇನ್ನೊಂದು ಮುಚ್ಚುವುದು ಮಾಡುತ್ತಲೇ ಇದ್ದರು. ಕಿಟಕಿಯಾಚೆಯ ಗದ್ದೆ ಒಂದು ಕಣ್ಣಿಗೆ ಚಹಾದಲ್ಲಿ ಅದ್ದಿ ತೆಗೆದ ಹಾಗೆ, ಇನ್ನೊಂದಕ್ಕೆ ಈಗ ತಾನೇ ತೊಳೆದ ಹಾಗೆ. ಶೇಖಮ್ಮ ಪಕ್ಕದಲ್ಲಿ ಕೂತು ಮುಂದಿನದನ್ನು ಲೆಕ್ಕ ಹಾಕುತ್ತಿದ್ದಳು. ಮನೆಗೆ ಹೋದ ಕೂಡಲೇ ಚಿತ್ರ ತೆಗೆ ಎನ್ನುತ್ತಾರೆ. ನೋಡುತ್ತಾರೆ. ಹರಿಯುತ್ತಾರೆ.

ಅಂದೇಬಿಟ್ಟರು. ಅವಳು ಒಂದೊಂದೇ ತಂದು ಹಾಸಿದಳು. ಮಾಸ್ತರರು ಚಷ್ಮಾ ತೆಗೆದು ಪಡಸಾಲೆಯ ಬೆಳಕಿನಲ್ಲಿ ಬಗ್ಗದೆ, ಕೂತಲ್ಲಿಂದಲೇ ನೋಡಿದರು. ಒಂದನ್ನು ಕೈಗೆತ್ತಿಕೊಂಡರು.

“ಈ ಬಣವಿ ನಂದು,” ಎಂದರು. “ಈ ಮೋಡ ನಂದು. ಈ ಹಸಿರು ನಂದಲ್ಲ.”

ಅವಳು ಇನ್ನೊಂದನ್ನು ಮುಂದೆ ಸರಿಸಿದಳು.

“ಇಲ್ಲೂ ನಂದಲ್ಲ. ಈ ಹಳದಿಯೂ ಅಲ್ಲ.” ಹೊಸ ಕಣ್ಣಿನಿಂದ ಅವಳನ್ನು ಬಹಳ ಹೊತ್ತು ನೋಡಿದರು. “ಎಷ್ಟು ನೀರು ಹಾಕೀಯ ಬೇ! ಹಸಿರು ಇಷ್ಟು ತೆಳ್ಳಗ ಕಲಸ್ತಾರೇನು? ಸಾರೇನು ಅದು?”

ಶೇಖಮ್ಮನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಆದೆಪ್ಪ ನೀರು ಚಿಮುಕಿಸಿ ಆರಿಸಿದ್ದ ಚಿತ್ರ ಕಡೆಯದಾಗಿ ಬಂತು. ಕೆಂಪು ಇಳಿದು ಇಳಿದು ಕಾಲುವೆಯಾಗಿತ್ತು. ಅದನ್ನೂ ಮಾಸ್ತರರು ಹರಿಯಲಿಲ್ಲ. ಉಳಿದವುಗಳ ಮೇಲೆ ಇಟ್ಟು, “ಇದು ಆದೆಪ್ಪಂದು. ಅವಗಽ ಕೊಡಬೇಕು, ಆದ್ರ ಮನಿಯಾಗ ಇಟ್ಕೊಳ್ಳಂಗಿಲ್ಲ ಅವ,” ಎಂದರು. ಆಮೇಲೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ನೆಲ ತಟ್ಟಿದರು. “ಕುಂದ್ರು ಇಲ್ಲಿ. ಹಸಿರು ಹೆಂಗ ಕಲಸಬೇಕಂತ ತೋರಸ್ತೀನಿ. ಬೆರಳ ಬ್ಯಾಡ, ಕುಂಚ ಹಿಡಿ.”

ಅವಳು ಕೂರುವಷ್ಟರಲ್ಲಿ ಗೋಡೆಯಾಚೆಯಿಂದ ಸುಗ್ರಾ ಬೇಗಂ ಕೂಗಿದಳು. “ಶೇಖಮ್ಮಕ್ಕಾ, ನಳ ಬಂತು! ಜಲ್ದಿ ಬರ್ರಿ, ಇವತ್ತ ಸಣ್ಣಗ ಬರಾಕತ್ತದ!”

“ಬಂದೆ!” ಎಂದು ಶೇಖಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು. ಹಿತ್ತಲಿನ ಕೊಡಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋದಳು. ಹುಣಸೆಹಣ್ಣು ತಿಕ್ಕಿ ಮೊದಲನೆಯದನ್ನು ತೊಳೆದಳು. ನಳದ ಬಾಯಿಗೆ ಅರಿವೆ ಕಟ್ಟಿ ಕೊಡ ಇಟ್ಟಳು, ತುಂಬುವತನಕ ಕಾದಳು, ಅದನ್ನು ಸರಿಸಿ ಇನ್ನೊಂದನ್ನು ಇಟ್ಟಳು.